ಎಫ್‌ಟಿಪಿ ಫೋಲ್ಡರ್ ತುಂಬಾ ಫೋಟೋ.ಎಸ್‌ಸಿಆರ್! ಪ್ರೆಸ್ಸಿನ ಸರ್ವರ್ ಉಳಿಸಿಕೊಳ್ಳೋದು ಹೇಗೆ?

ಕಂಪೋಸಿಂಗ್ ಕೋಣೆ:

ಎಲ್ಲರಿಗೂ ನಮಸ್ಕಾರ. ಗದಗದಲ್ಲಿ ನಮ್ಮದೊಂದು ಸಣ್ಣ ಪ್ರೆಸ್. ನಮ್ಮದು ಅಂದರೆ ಓನರ್ ಬೇರೆ, ಕಂಪ್ಯೂಟರ್ ಕೆಟ್ಟಾಗ ಬೈಸಿಕೊಳ್ಳುವವನು ನಾನು. ಲಗ್ನಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್, ಶಾಲೆಗಳ ಐಡಿ ಕಾರ್ಡ್ ಮಾಡುತ್ತೇವೆ. ಬರುವ ಫೈಲ್‌ಗಳು ದೊಡ್ಡವು, ಇಮೇಲ್‌ನಲ್ಲಿ ಹಿಡಿಸುವುದಿಲ್ಲ. ಅದಕ್ಕೇ 2016ರಲ್ಲಿ ಒಂದು ಹಳೇ ಕಂಪ್ಯೂಟರ್‌ಗೆ ಎಫ್‌ಟಿಪಿ ಸರ್ವರ್ (ನೆಟ್ ಮೂಲಕ ಫೈಲ್ ಕಳಿಸುವ ಹಳೇ ಪದ್ಧತಿ) ಹಾಕಿ, ರೌಟರ್‌ನಲ್ಲಿ ಅದರ ಬಾಗಿಲಾದ 21ನೇ ಪೋರ್ಟ್ ತೆರೆದಿಟ್ಟೆ. ಎಲ್ಲ ಗಿರಾಕಿಗಳಿಗೂ ಒಂದೇ ಯೂಸರ್, ಒಂದೇ ಪಾಸ್‌ವರ್ಡ್. ಪಾಸ್‌ವರ್ಡ್ ಹೇಳಲು ನಾಚಿಕೆ. ಪ್ರೆಸ್ಸಿನ ಹೆಸರು, ಅದರ ಮುಂದೆ 123.

ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಪ್ರತಿ ಫೋಲ್ಡರ್ ಒಳಗೂ ಫೋಟೋ ಅನ್ನುವ ಇನ್ನೊಂದು ಫೋಲ್ಡರ್. ಅದೇ ಹಳದಿ ಚಿತ್ರ. ನಮ್ಮ ಡಿಟಿಪಿ ಹುಡುಗ ಗಿರಾಕಿ ಕಳಿಸಿದ್ದು ಅಂದುಕೊಂಡು ಡಬಲ್ ಕ್ಲಿಕ್ ಮಾಡಿದ್ದಾನೆ. ಏನೂ ತೆರೆಯಲಿಲ್ಲ. ಮತ್ತೆ ಮಾಡಿದ್ದಾನೆ. ಹತ್ತು ನಿಮಿಷಕ್ಕೆ ಅವನ ಮಷೀನಿನ ಫ್ಯಾನ್ ಹಿಟ್ಟಿನ ಗಿರಣಿ ಹಾಗೆ ಒದರಲು ಶುರುವಾಯಿತು. ಪ್ರಾಪರ್ಟೀಸ್ ತೆಗೆದು ನೋಡಿದಾಗ ಗೊತ್ತಾಯಿತು, ಅದು ಫೋಲ್ಡರೇ ಅಲ್ಲ. ಫೋಟೋ.ಎಸ್‌ಸಿಆರ್ ಅನ್ನುವ ಫೈಲ್.

ಎಲ್ಲಾ ಅಳಿಸಿದೆ. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಮತ್ತೆ ಹಾಜರ್. ಯಾರು ಹಾಕುತ್ತಿದ್ದಾರೆ? ಪಕ್ಕದ ಪ್ರೆಸ್‌ನವರ ಕೆಲಸ ಅಂತ ಓನರ್‌ಗೆ ಅನುಮಾನ.

ಲಾಗ್ ಓದುವವ:

ಪಕ್ಕದ ಪ್ರೆಸ್‌ನವರನ್ನು ಬಿಡಿ ಅಣ್ಣಾ, ಪಾಪ. ಇದು ಹಳೇ ರೋಗ. 2016ರಲ್ಲೇ ಗಾರ್ಡಿಕೋರ್ ಮತ್ತು ಸೋಫೋಸ್ ಕಂಪನಿಗಳು ಇದರ ಬಗ್ಗೆ ಬರೆದಿದ್ದವು. ಎಸ್‌ಸಿಆರ್ ಅಂದರೆ ಸ್ಕ್ರೀನ್ ಸೇವರ್ ಫೈಲ್. ವಿಂಡೋಸ್ ಪಾಲಿಗೆ ಅದೂ ಓಡುವ ಪ್ರೋಗ್ರಾಮೇ. ಐಕಾನ್ ಮಾತ್ರ ಫೋಲ್ಡರ್‌ನದು ಅಂಟಿಸಿರುತ್ತಾರೆ. ಕ್ಲಿಕ್ ಮಾಡಿದರೆ ನಿಮ್ಮ ಕರೆಂಟು, ನಿಮ್ಮ ಪ್ರೊಸೆಸರ್ ಬಳಸಿ ಅವರಿಗೆ ಮೊನೆರೊ ಅನ್ನುವ ಕ್ರಿಪ್ಟೋ ದುಡ್ಡು ಗಣಿ ಮಾಡಿಕೊಡುತ್ತದೆ. ಫ್ಯಾನ್ ಒದರಿದ್ದು ಅದಕ್ಕೇ.

ಹಾಕುತ್ತಿರುವುದು ಮನುಷ್ಯರಲ್ಲ. ಇಂಟರ್‌ನೆಟ್ಟಿನ ವಿಳಾಸಗಳನ್ನೆಲ್ಲ ಒಂದೊಂದಾಗಿ ತಟ್ಟುತ್ತಾ, 21ನೇ ಪೋರ್ಟ್ ತೆರೆದಿದೆಯಾ ಅಂತ ನೋಡುವ ಬಾಟ್, ಅಂದರೆ ತಾನೇ ಓಡುವ ಪ್ರೋಗ್ರಾಮ್. ತೆರೆದಿದ್ದರೆ ಒಂದಷ್ಟು ಸುಲಭದ ಪಾಸ್‌ವರ್ಡ್ ಪ್ರಯತ್ನಿಸುತ್ತದೆ. ಒಳಗೆ ಬಂದರೆ ಬರೆಯಲು ಬಿಡುವ ಪ್ರತಿ ಫೋಲ್ಡರ್‌ನಲ್ಲೂ ತನ್ನ ಪ್ರತಿ ಇಟ್ಟು ಹೋಗುತ್ತದೆ. ಎಚ್‌ಟಿಎಂಎಲ್ ಪುಟಗಳು ಸಿಕ್ಕರೆ ಅದರೊಳಗೂ ಕೈ ಹಾಕುತ್ತದೆ. ನಿಮ್ಮ ಪ್ರೆಸ್ಸಿನ ವೆಬ್‌ಸೈಟ್ ಅದೇ ಮಷೀನಲ್ಲಿ ಇಲ್ಲ ತಾನೇ?

ಈಗ ಮಾಡಬೇಕಾದ್ದು: ಮೊದಲು ರೌಟರ್‌ನಲ್ಲಿ ಆ ಪೋರ್ಟ್ ಮುಚ್ಚಿ. ಈ ಪೋಸ್ಟ್ ಪೂರ್ತಿ ಓದುವ ಮುಂಚೆ ಮುಚ್ಚಿ. ಹುಡುಗನ ಮಷೀನಿನ ನೆಟ್‌ವರ್ಕ್ ಕೇಬಲ್ ಕಿತ್ತು, ವಿಂಡೋಸ್ ಹೊಸದಾಗಿ ಹಾಕಿ. ಆಂಟಿವೈರಸ್ ಓಡಿಸಿ ಕ್ಲೀನ್ ಆಯಿತು ಅಂದುಕೊಳ್ಳಬೇಡಿ. ಯಾರು ಯಾವಾಗ ಬಂದರು ಅಂತ ಬರೆದಿಡುವ ಸರ್ವರ್‌ನ ಲಾಗ್ ಫೈಲ್ ಮಾತ್ರ ಅಳಿಸಬೇಡಿ, ಬೇರೆ ಕಡೆ ಕಾಪಿ ಮಾಡಿಡಿ.

ಕಂಪೋಸಿಂಗ್ ಕೋಣೆ:

ಮುಚ್ಚಿದೆ. ವೆಬ್‌ಸೈಟ್ ಬೇರೆ ಕಡೆ ಇದೆ, ಪುಣ್ಯ. ಲಾಗ್ ತೆಗೆದು ನೋಡಿದೆ. ಅಯ್ಯೋ, ಒಂದು ರಾತ್ರಿಯಲ್ಲಿ ಎಷ್ಟು ಜನ ಬಾಗಿಲು ಬಡಿದಿದ್ದಾರೆ! ಅಡ್ಮಿನ್, ಟೆಸ್ಟ್, ಅನಾನಿಮಸ್, ಆಮೇಲೆ ನಮ್ಮದೇ ಪ್ರೆಸ್ಸಿನ ಹೆಸರು. ಹೆಸರು ಅವರಿಗೆ ಹೇಗೆ ಗೊತ್ತಾಯಿತು?

ಹಳೇ ಯೂನಿಕ್ಸ್:

ನಿಮ್ಮ ಸರ್ವರ್ ಮೊದಲ ಸಾಲಿನಲ್ಲೇ "ಸ್ವಾಗತ" ಅಂತ ಪ್ರೆಸ್ಸಿನ ಹೆಸರು ಹೇಳುತ್ತಿರಬಹುದು. 220 ಅನ್ನುವ ಸಂಖ್ಯೆಯ ಮುಂದೆ ಬರುವ ಆ ಸಾಲನ್ನು ಒಮ್ಮೆ ನೋಡಿ. ಬೋರ್ಡ್ ಹಾಕಿ, ಕೆಳಗೇ ಬೀಗದ ಕೈ ನೇತು ಹಾಕಿದ ಹಾಗೆ.

ಪಾಸ್‌ವರ್ಡ್ ಎಷ್ಟು ಗಟ್ಟಿ ಮಾಡಿದರೂ ಎಫ್‌ಟಿಪಿಯಲ್ಲಿ ಅದು ಬಯಲಾಗಿಯೇ ಹೋಗುತ್ತದೆ. ಒಮ್ಮೆ ವೈರ್‌ಶಾರ್ಕ್ (ನೆಟ್‌ವರ್ಕ್‌ನಲ್ಲಿ ಹೋಗುವುದನ್ನೆಲ್ಲ ತೋರಿಸುವ ಪ್ರೋಗ್ರಾಮ್) ಹಾಕಿಕೊಂಡು ನೀವೇ ಲಾಗಿನ್ ಆಗಿ ನೋಡಿ. "ಯೂಸರ್" ಅಂತ ಹೆಸರು ಹೋಗುತ್ತದೆ. ಸರ್ವರ್ 331 ಅನ್ನುತ್ತದೆ, ಪಾಸ್‌ವರ್ಡ್ ಕೊಡು ಅಂತ. "ಪಾಸ್" ಅಂತ ಪಾಸ್‌ವರ್ಡ್ ಹೋಗುತ್ತದೆ, ಅಕ್ಷರ ಅಕ್ಷರ ಓದಬಹುದು. ಸರ್ವರ್ 230 ಅನ್ನುತ್ತದೆ, ಬಾ ಒಳಗೆ ಅಂತ. ನಡುವೆ ಯಾರು ಕೂತಿದ್ದರೂ ಪೋಸ್ಟ್ ಕಾರ್ಡ್ ಓದಿದಷ್ಟೇ ಸುಲಭ.

ಎಫ್‌ಟಿಪಿ ಬರೆದವರ ತಪ್ಪೂ ಅಲ್ಲ. ಇದರ ಮೊದಲ ಕರಡು ಬಂದಿದ್ದು 1971ರ ಏಪ್ರಿಲ್‌ನಲ್ಲಿ, ಆರ್‌ಎಫ್‌ಸಿ 114 ಅನ್ನುವ ದಾಖಲೆಯಾಗಿ. ಬರೆದವರು ಅಭಯ್ ಭೂಷಣ್, ಐಐಟಿ ಕಾನ್ಪುರದ ಮೊದಲ ಬ್ಯಾಚಿನವರು, ಆಗ ಎಂಐಟಿಯಲ್ಲಿದ್ದರು. ಇಂಟರ್‌ನೆಟ್ಟಿಗೂ ಮುಂಚಿನ ಜಾಲ ಅರ್ಪಾನೆಟ್, ಆ ಕಾಲದಲ್ಲಿ ಅಂದರೆ ಕೆಲವೇ ವಿಶ್ವವಿದ್ಯಾಲಯ, ಕೆಲವೇ ಲ್ಯಾಬು. ಒಂದು ವಠಾರ ಇದ್ದ ಹಾಗೆ. ವಠಾರದಲ್ಲಿ ಯಾರು ಬಾಗಿಲು ಹಾಕಿಕೊಳ್ಳುತ್ತಿದ್ದರು? ನಾವು ಇಂದಿಗೂ ಬಳಸುವ ರೂಪ 1985ರ ಆರ್‌ಎಫ್‌ಸಿ 959. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಎಫ್‌ಟಿಪಿಯನ್ನು ಕಿತ್ತು ಹಾಕಿದವು. ಪ್ರೆಸ್‌ಗಳು ಮಾತ್ರ ಬಿಟ್ಟಿಲ್ಲ.

ಇನ್ನೊಂದು ತಮಾಷೆ ನೆನಪಾಯಿತು. ವಿಎಸ್‌ಎಫ್‌ಟಿಪಿಡಿ ಅಂತ ಲಿನಕ್ಸ್‌ನ ಒಂದು ಸರ್ವರ್ ಇದೆ. ಹೆಸರಿನಲ್ಲೇ ತುಂಬಾ ಸುರಕ್ಷಿತ ಅಂತ ಬರೆದುಕೊಂಡಿದೆ. 2011ರಲ್ಲಿ ಅದರ ಡೌನ್‌ಲೋಡ್ ಜಾಗಕ್ಕೇ ಯಾರೋ ನುಗ್ಗಿ, 2.3.4 ಆವೃತ್ತಿಯ ಫೈಲಿಗೆ ಕಳ್ಳ ಬಾಗಿಲು ಸೇರಿಸಿಟ್ಟರು. ಯೂಸರ್ ಹೆಸರಿನ ಜೊತೆ :) ಅಂತ ನಗುಮುಖ ಹಾಕಿ ಲಾಗಿನ್ ಮಾಡಿದರೆ ಸಾಕು, 6200ನೇ ಪೋರ್ಟ್‌ನಲ್ಲಿ ಪೂರ್ತಿ ಮಷೀನೇ ಕೈಗೆ. ನಗುತ್ತಾ ಬಂದ ಕಳ್ಳ ಅಂದರೆ ಇವನೇ. ಕೆಲವೇ ದಿನದಲ್ಲಿ ಸಿಕ್ಕಿಬಿತ್ತು, ಯಾಕೆಂದರೆ ಫೈಲಿನ ಸಹಿ ಹೊಂದುತ್ತಿರಲಿಲ್ಲ. ಅವತ್ತಿನಿಂದ ಯಾವ ಸರ್ವರ್ ಇಳಿಸಿಕೊಂಡರೂ ಸಹಿ ತಾಳೆ ನೋಡದೆ ನಾನು ಹಾಕುವುದಿಲ್ಲ.

ನೆಟ್ ಪಟೇಲ:

ಇಷ್ಟೆಲ್ಲಾ ಪುರಾಣ ಯಾಕೆ ಗುರುಗಳೇ. ಎಫ್‌ಟಿಪಿ ಬಿಡಿ, ಎಸ್‌ಎಫ್‌ಟಿಪಿ ಹಾಕಿ. 22ನೇ ಪೋರ್ಟ್, ಎಲ್ಲಾ ಎನ್‌ಕ್ರಿಪ್ಟ್, ನಡುವೆ ಯಾರಿಗೂ ಓದಲು ಬರುವುದಿಲ್ಲ. ಮುಗೀತು.

ಡಾಲಸ್ ದೋಸೆ:

ಪಟೇಲರೇ, ಅಲ್ಲಿಗೆ ಅರ್ಧವೂ ಮುಗಿಯಲಿಲ್ಲ. ಎಸ್‌ಎಫ್‌ಟಿಪಿ ದಾರಿಯಲ್ಲಿ ಕಾಯುವ ಕಳ್ಳನಿಗೆ. ಮನೆಗೇ ನುಗ್ಗುವವನಿಗೆ ಅದರಿಂದ ಏನೂ ಆಗುವುದಿಲ್ಲ.

ಮೂವ್‌ಇಟ್ ಗೊತ್ತಲ್ವಾ? ಪ್ರೋಗ್ರೆಸ್ ಸಾಫ್ಟ್‌ವೇರ್ ಕಂಪನಿಯದು. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಇಲಾಖೆಗಳು ದುಡ್ಡು ಕೊಟ್ಟು ಕೊಳ್ಳುವ ಸರ್ವರ್. ದಾರಿಯಲ್ಲೂ ಎನ್‌ಕ್ರಿಪ್ಶನ್, ಡಿಸ್ಕ್ ಮೇಲೂ ಎನ್‌ಕ್ರಿಪ್ಶನ್. 2023ರ ಮೇ ಕೊನೆಗೆ ಇಲ್ಲಿ ಅಮೆರಿಕದಲ್ಲಿ ಮೆಮೋರಿಯಲ್ ಡೇ ರಜೆ, ಮೂರು ದಿನ ಆಫೀಸು ಖಾಲಿ. ಕ್ಲಾಪ್ ಅನ್ನುವ ಸೈಬರ್ ಕಳ್ಳರ ಗುಂಪು 27ರಿಂದಲೇ ಕೆಲಸ ಶುರು ಮಾಡಿತ್ತು. ಕಂಪನಿ ಎಚ್ಚರಿಕೆ ಕೊಟ್ಟಿದ್ದು 31ಕ್ಕೆ. ನಾವು ಅದನ್ನು ಬಳಸುತ್ತಿರಲಿಲ್ಲ. ಆದರೂ ನಮ್ಮ ಫೈಲ್ ಇಟ್ಟುಕೊಂಡವರು ಯಾರಾದರೂ ಬಳಸುತ್ತಾರಾ ಅಂತ ಎರಡು ರಾತ್ರಿ ಕೂತು ಪಟ್ಟಿ ಮಾಡಿದ್ದು ನೆನಪಿದೆ.

ತೂತು ಇದ್ದದ್ದು ವೆಬ್ ಪುಟದಲ್ಲಿ. ಎಸ್‌ಕ್ಯೂಎಲ್ ಇಂಜೆಕ್ಷನ್, ಅಂದರೆ ಪುಟದ ಮೂಲಕ ಡೇಟಾಬೇಸ್‌ಗೆ ಕಳ್ಳ ಆಜ್ಞೆ ತೂರಿಸುವುದು, ಕಾಲೇಜಿನಲ್ಲಿ ಪಾಠ ಮಾಡುವಷ್ಟು ಹಳೇ ತೂತು. ಅದರಿಂದ ಒಳಗೆ ಬಂದು ಒಂದು ಪುಟ ಇಟ್ಟರು. ಸಾಫ್ಟ್‌ವೇರ್‌ನದೇ ಹ್ಯೂಮನ್.ಎಎಸ್‌ಪಿಎಕ್ಸ್ ಅಂತ ಒಂದು ಫೈಲ್ ಇತ್ತು. ಇವರದು ಹ್ಯೂಮನ್2.ಎಎಸ್‌ಪಿಎಕ್ಸ್. ಪಕ್ಕಪಕ್ಕದಲ್ಲಿ ಇದ್ದರೆ ಯಾರಿಗೆ ಅನುಮಾನ ಬರುತ್ತದೆ? ಬ್ರೌಸರ್‌ನಲ್ಲಿ ಆ ಪುಟ ತೆಗೆದರೆ 404, ಇಲ್ಲವೇ ಇಲ್ಲ ಅನ್ನುತ್ತಿತ್ತು. ಕೋರಿಕೆಯ ಜೊತೆ ಅವರ ಗುಟ್ಟಿನ ಪಾಸ್‌ವರ್ಡ್ ಬಂದರೆ ಮಾತ್ರ ಬಾಯಿ ಬಿಡುತ್ತಿತ್ತು. ಯಾವ ಫೈಲ್ ಯಾರದು ಅಂತ ಪಟ್ಟಿ ಕೊಡುತ್ತಿತ್ತು, ಕೇಳಿದ್ದನ್ನು ಎತ್ತಿ ಕೊಡುತ್ತಿತ್ತು. "ಹೆಲ್ತ್ ಚೆಕ್ ಸರ್ವಿಸ್" ಅಂತ ಮುಗ್ಧ ಹೆಸರಿನಲ್ಲಿ ಅಡ್ಮಿನ್ ಖಾತೆಯನ್ನೂ ಮಾಡಿಕೊಳ್ಳುತ್ತಿತ್ತು. ಸರ್ವರ್ ತಾನೇ ಬೀಗ ತೆಗೆದು ಕೊಡುವಾಗ ಎನ್‌ಕ್ರಿಪ್ಶನ್ ಏನು ಮಾಡುತ್ತದೆ?

ಬಿಬಿಸಿ, ಬ್ರಿಟಿಷ್ ಏರ್‌ವೇಸ್ ನೌಕರರ ವಿವರಗಳು ಹೋದವು. ಅವರ ಸರ್ವರ್‌ನಿಂದಲ್ಲ, ಸಂಬಳದ ಲೆಕ್ಕ ಮಾಡುವ ಜೆಲ್ಲಿಸ್ ಅನ್ನುವ ಕಂಪನಿಯ ಸರ್ವರ್‌ನಿಂದ. ಒಟ್ಟು ಎರಡು ಸಾವಿರಕ್ಕೂ ಜಾಸ್ತಿ ಸಂಸ್ಥೆಗಳಿಗೆ ಪೆಟ್ಟು ಬಿತ್ತು.

ಆದರೆ ಒಂದು ಗಮನಿಸಿ. ಕ್ಲಾಪ್‌ನವರು ಏನನ್ನೂ ಲಾಕ್ ಮಾಡಲಿಲ್ಲ. ಅಲ್ಲಿ ಬಿದ್ದಿದ್ದನ್ನು ಎತ್ತಿಕೊಂಡು, ಜೂನ್ 14ರೊಳಗೆ ಮಾತಾಡಿ, ಇಲ್ಲದಿದ್ದರೆ ಹೆಸರು ಹಾಕುತ್ತೇವೆ ಅಂದರು, ಅಷ್ಟೇ. ಹಾಗಾದರೆ ಅಷ್ಟೊಂದು ಫೈಲ್ ಅಲ್ಲಿ ಯಾಕೆ ಬಿದ್ದಿತ್ತು? ಕಳಿಸುವ ಸರ್ವರ್ ಅಂದರೆ ಬಸ್ ಸ್ಟ್ಯಾಂಡ್. ನಾವು ಅದನ್ನು ಗೋಡೌನ್ ಮಾಡಿಕೊಂಡಿದ್ದೇವೆ. ಕಂಪೋಸಿಂಗ್ ಕೋಣೆಯವರೇ, ನಿಮ್ಮಲ್ಲಿ ಅತಿ ಹಳೇ ಫೈಲ್ ಯಾವ ವರ್ಷದ್ದು ಅಂತ ಒಮ್ಮೆ ನೋಡಿ.

ನೆಟ್ ಪಟೇಲ:

ಬಿಬಿಸಿ ಎಲ್ಲಿ, ಗದಗದ ಪ್ರೆಸ್ ಎಲ್ಲಿ ಮಾರಾಯ್ರೆ. ಇವರ ಲಗ್ನಪತ್ರಿಕೆ ಕದ್ದು ಯಾರು ಊಟಕ್ಕೆ ಹೋಗುತ್ತಾರೆ? ತೂತು ಮುಚ್ಚಲು ಕಂಪನಿ ಕೊಡುವ ಪ್ಯಾಚ್ ಹಾಕಿಕೊಂಡಿದ್ದರೆ ಸಾಕು.

ಲಾಗ್ ಓದುವವ:

ಬಾಟ್‌ಗೆ ಬಿಬಿಸಿಯೂ ಒಂದೇ, ಗದಗವೂ ಒಂದೇ. ಸೋಮವಾರ ನೋಡಲಿಲ್ವಾ?

ಪ್ಯಾಚ್ ಬಗ್ಗೆ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ. ವಿಂಗ್ ಎಫ್‌ಟಿಪಿ ಅಂತ ಒಂದು ಸರ್ವರ್ ಇದೆ. ಯೂಸರ್ ಹೆಸರಿನ ನಡುವೆ ಶೂನ್ಯ ಬೈಟ್ (ಹೆಸರು ಇಲ್ಲಿಗೆ ಮುಗಿಯಿತು ಅನ್ನುವ ಗುರುತು) ಇಟ್ಟರೆ, ಹೆಸರು ಸರಿ ಇದೆಯಾ ಅಂತ ನೋಡುವ ಕೋಡ್ ಅಲ್ಲಿಗೇ ನಿಂತು "ಹ್ಞೂಂ, ಅನಾನಿಮಸ್" ಅಂದುಕೊಳ್ಳುತ್ತಿತ್ತು. ಲಾಗಿನ್ ಆದವರ ಲೆಕ್ಕ ಇಡುವ ಸೆಷನ್ ಫೈಲ್ ಬರೆಯುವ ಕೋಡ್ ಮಾತ್ರ ಬಾಲದ ಸಮೇತ ಬರೆದುಕೊಳ್ಳುತ್ತಿತ್ತು. ಆ ಬಾಲದಲ್ಲಿ ಲುವಾ ಭಾಷೆಯ ಕೋಡ್ ಇಟ್ಟರೆ ಅದು ಓಡುತ್ತಿತ್ತು. 2025ರ ಮೇ ತಿಂಗಳಲ್ಲೇ 7.4.4ರಲ್ಲಿ ಸರಿ ಮಾಡಿದರು. ಜೂನ್ 30ಕ್ಕೆ ತೂತಿನ ವಿವರ ಹೊರಬಂತು, ಮರುದಿನವೇ ದಾಳಿ. ಆರು ವಾರ ಸುಮ್ನೆ ಕೂತವರು ಸಿಕ್ಕಿಬಿದ್ದರು.

ಡಾಲಸ್ ದೋಸೆ:

ಇದಕ್ಕೆ ಉಲ್ಟಾ ಕಥೆ ಫೈಲ್ ಕಳಿಸುವ ಸರ್ವರ್ ಮಾಡುವ ಕ್ಲಿಯೋ ಕಂಪನಿಯದು. 2024ರ ಅಕ್ಟೋಬರ್‌ನಲ್ಲಿ ಪ್ಯಾಚ್ ಕೊಟ್ಟರು, ಹಾಕಿಕೊಂಡವರು ನಿಶ್ಚಿಂತೆಯಿಂದ ಇದ್ದರು. ಡಿಸೆಂಬರ್‌ನಲ್ಲಿ ನೋಡಿದರೆ ಆ ಪ್ಯಾಚ್ ಪೂರ್ತಿ ಮುಚ್ಚಿರಲೇ ಇಲ್ಲ. ಮೂವ್‌ಇಟ್‌ನಲ್ಲಂತೂ ಪ್ಯಾಚ್ ಬರುವ ಮುಂಚೆಯೇ ಕಳ್ಳತನ ಆಗಿತ್ತು. ಪ್ಯಾಚ್ ಹಾಕಲೇಬೇಕು, ಆದರೆ ಪ್ಯಾಚ್ ಸೋತ ದಿನ ಒಳಗೆ ಏನು ಬಿದ್ದಿರುತ್ತದೆ ಅನ್ನುವುದು ನಮ್ಮ ಕೈಯಲ್ಲಿದೆ.

ಅಂದಹಾಗೆ 2020ರ ಕೊನೆಗೆ ಅಕ್ಸೆಲಿಯನ್‌ನ ಇಪ್ಪತ್ತು ವರ್ಷ ಹಳೇ ಸರ್ವರ್, 2023ರ ಜನವರಿಯಲ್ಲಿ ಗೋಎನಿವೇರ್, ಆಮೇಲೆ ಮೂವ್‌ಇಟ್, ಆಮೇಲೆ ಕ್ಲಿಯೋ. ನಾಲ್ಕರಲ್ಲೂ ಕ್ಲಾಪ್ ಹೆಸರೇ. ಅವರು ಫೈಲ್ ಕಳಿಸುವ ಸರ್ವರ್‌ಗಳನ್ನೇ ಹುಡುಕಿಕೊಂಡು ಬರುತ್ತಾರೆ. ಇಂಟರ್‌ನೆಟ್‌ಗೆ ಮುಖ ಮಾಡಿ ನಿಂತಿರುತ್ತದೆ, ಒಳಗೆ ಬೇಕಾದಷ್ಟು ಮಾಲು, ಯಾರೂ ದಿನಾ ತಿರುಗಿ ನೋಡುವುದಿಲ್ಲ.

ಬೆಳ್ಳಿಚುಕ್ಕಿ:

ಇಬ್ಬರೂ ಜಗಳ ಆಡಿದ್ದು ಸಾಕು, ಅವರಿಗೆ ಕೆಲಸ ಆಗಬೇಕು. ನಾನು ಇಂಥ ಐದಾರು ಮಷೀನ್ ನೋಡಿಕೊಳ್ಳುತ್ತೇನೆ. ಮಾಡುವ ರೀತಿ ಹೇಳುತ್ತೇನೆ.

ಆ ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿ, ಎಸ್‌ಎಫ್‌ಟಿಪಿ ನಡೆಸುವ ಓಪನ್ ಎಸ್‌ಎಸ್‌ಎಚ್ ಅದರಲ್ಲೇ ಇರುತ್ತದೆ. ಬೇರೆ ಸರ್ವರ್, ವೆಬ್ ಪುಟ, ಅಡ್ಮಿನ್ ಪುಟ ಯಾವುದೂ ಬೇಡ. ಮೇಲೆ ಹೇಳಿದ ತೂತುಗಳಲ್ಲಿ ಮುಕ್ಕಾಲು ವೆಬ್ ಪುಟದಲ್ಲೇ ಇದ್ದವು ಅಲ್ವಾ? ಗೋಎನಿವೇರ್‌ನಲ್ಲಿ ಸಿಕ್ಕಿಬಿದ್ದವರು ಅಡ್ಮಿನ್ ಪುಟವನ್ನು ಇಂಟರ್‌ನೆಟ್‌ಗೆ ತೆರೆದಿಟ್ಟವರು.

ಪ್ರತಿ ಗಿರಾಕಿಗೆ ಒಂದೊಂದು ಯೂಸರ್. ಎಲ್ಲರೂ ಒಂದು ಗುಂಪಿನಲ್ಲಿ. ಆ ಗುಂಪಿಗೆ ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಮೂರು ಕಟ್ಟು: ಇಂಟರ್ನಲ್ ಎಸ್‌ಎಫ್‌ಟಿಪಿ ಬಿಟ್ಟು ಬೇರೆ ಕಮಾಂಡ್ ಓಡಬಾರದು, ಈ ಸರ್ವರ್ ಮೂಲಕ ಬೇರೆ ಮಷೀನ್‌ಗೆ ದಾಟುವ ಪೋರ್ಟ್ ಫಾರ್ವರ್ಡಿಂಗ್ ಇರಬಾರದು, ಕ್ರೂಟ್ ಅನ್ನುವ ಬೇಲಿ ಹಾಕಿ ಅವರವರ ಫೋಲ್ಡರ್ ಬಿಟ್ಟು ಹೊರಗೆ ಕಾಣಬಾರದು.

ಇಲ್ಲಿ ಎಲ್ಲರೂ ಒಂದು ಕಡೆ ಎಡವುತ್ತಾರೆ. ಕ್ರೂಟ್ ಫೋಲ್ಡರ್‌ಗೆ ರೂಟ್ ಯೂಸರೇ (ಮಷೀನಿನ ಯಜಮಾನ ಖಾತೆ) ಒಡೆಯ ಆಗಿರಬೇಕು, ಗುಂಪಿಗೂ ಬರೆಯುವ ಹಕ್ಕು ಇರಬಾರದು. ಮೇಲಿನ ಫೋಲ್ಡರ್‌ಗಳಿಗೂ ಇದೇ ನಿಯಮ. ತಪ್ಪಿದರೆ ಪಾಸ್‌ವರ್ಡ್ ಸರಿ ಇದ್ದರೂ ಕನೆಕ್ಷನ್ ಪಟ್ ಅಂತ ಕಟ್. ಕಾರಣ ಸರ್ವರ್‌ನ ಲಾಗ್‌ನಲ್ಲಿ ಮಾತ್ರ ಇರುತ್ತದೆ. ಅಪ್‌ಲೋಡ್ ಫೋಲ್ಡರನ್ನು ಅದರ ಒಳಗೆ ಬೇರೆ ಮಾಡಿ. ಸಿಟ್ಟಿನಲ್ಲಿ 777, ಅಂದರೆ ಎಲ್ಲರಿಗೂ ಎಲ್ಲಾ ಹಕ್ಕು, ಕೊಡಬೇಡಿ. ನಾನು ಕೊಟ್ಟಿದ್ದೆ, ಅರ್ಧ ದಿನ ಹೋಯಿತು.

ಪಾಸ್‌ವರ್ಡ್ ಲಾಗಿನ್ ಪೂರ್ತಿ ನಿಲ್ಲಿಸಿ, ಅದರ ಬದಲು ಬೀಗದ ಕೈ ಹಾಗೆ ಕೆಲಸ ಮಾಡುವ ಕೀ ಫೈಲ್ ಮಾತ್ರ ಇಡಿ. ಬಾಟ್‌ಗಳು ಎಷ್ಟು ಬಡಿದರೂ ಊಹಿಸಲು ಏನೂ ಇರುವುದಿಲ್ಲ. ಓಪನ್ ಎಸ್‌ಎಸ್‌ಎಚ್‌ಗೂ ತೂತು ಬರುತ್ತದೆ. 2024ರ ಜುಲೈನಲ್ಲಿ ಒಂದು ಬಂದಿತ್ತು, 9.8ರಲ್ಲಿ ಮುಚ್ಚಿದರು. ಅದಕ್ಕೆ ಅಪ್‌ಡೇಟ್ ತಾನೇ ಆಗುವ ಹಾಗೆ ಇಡಿ.

ಕಂಪೋಸಿಂಗ್ ಕೋಣೆ:

ಅಕ್ಕಾ, ಬಹಳ ಉಪಕಾರ ಆಯಿತು. ಆದರೆ ಒಂದು ತೊಂದರೆ. ನಮ್ಮ ಗಿರಾಕಿಗಳಲ್ಲಿ ಮೂರು ಸ್ಟುಡಿಯೋದವರು ಮಾತ್ರ ಕೀ ಗೀ ಇಟ್ಟುಕೊಳ್ಳಬಲ್ಲರು. ಉಳಿದವರು ಮೊಬೈಲ್‌ನಿಂದ ಕಳಿಸುತ್ತಾರೆ. ಮತ್ತೆ ಒಬ್ಬರ ಫೈಲ್ ಇನ್ನೊಬ್ಬರು ನೋಡಿದ ಜಗಳವೂ ಒಮ್ಮೆ ಆಗಿದೆ, ಫ್ಲೆಕ್ಸ್ ಡಿಸೈನ್ ಕದ್ದರು ಅಂತ.

ಬೆಳ್ಳಿಚುಕ್ಕಿ:

ಮೂರು ಜನಕ್ಕೆ ಕೀ ನೀವೇ ಮಾಡಿ, ಪೆನ್‌ಡ್ರೈವ್‌ನಲ್ಲಿ ಕೊಟ್ಟು, ಫೈಲ್ ಕಳಿಸುವ ವಿನ್‌ಎಸ್‌ಸಿಪಿ ಪ್ರೋಗ್ರಾಮ್‌ನಲ್ಲಿ ಹಾಕಿಕೊಟ್ಟು ಬನ್ನಿ. ಒಂದು ಮಧ್ಯಾಹ್ನದ ಕೆಲಸ. ಅವರ ಹತ್ತಿರ ಸ್ಟ್ಯಾಟಿಕ್ ಐಪಿ (ಬದಲಾಗದ ನೆಟ್ ವಿಳಾಸ) ಇದ್ದರೆ ಆ ಮೂರು ವಿಳಾಸಕ್ಕೆ ಮಾತ್ರ ಫೈರ್‌ವಾಲ್ ತೆರೆಯಿರಿ. ಆಗ ಜಗತ್ತಿನ ಬಾಟ್‌ಗಳಿಗೆ ನಿಮ್ಮ ಸರ್ವರ್ ಇರುವುದೇ ಗೊತ್ತಾಗುವುದಿಲ್ಲ.

ಅಪ್‌ಲೋಡ್ ಫೋಲ್ಡರನ್ನು ಅಂಚೆ ಡಬ್ಬಿ ಮಾಡಿ. ಹಾಕಬಹುದು, ಒಳಗೆ ಇಣುಕುವ ಹಾಗಿಲ್ಲ. ಗುಂಪಿಗೆ ಬರೆಯುವ ಮತ್ತು ದಾಟುವ ಹಕ್ಕು ಕೊಟ್ಟು ಓದುವ ಹಕ್ಕು ತೆಗೆದರೆ ಆಯಿತು. ಫೈಲ್ ಹೆಸರು ಗೊತ್ತಿದ್ದವನು ತಾನು ಹಾಕಿದ್ದನ್ನು ವಾಪಸ್ ತೆಗೆಯಬಹುದು, ಪಟ್ಟಿ ಮಾತ್ರ ಯಾರಿಗೂ ಸಿಗುವುದಿಲ್ಲ.

ಆಮೇಲೆ ಐದು ನಿಮಿಷಕ್ಕೊಮ್ಮೆ ಫೈಲ್‌ಗಳನ್ನು ಒಳಗಿನ ಮಷೀನ್‌ಗೆ ಸಾಗಿಸಿ, ಹೊರಗಿನದು ಅಳಿಸಿ. ಒಳಗಿನ ಮಷೀನ್ ಬಂದು ಎಳೆದುಕೊಂಡು ಹೋಗಬೇಕು, ಹೊರಗಿನದು ಒಳಗೆ ತಳ್ಳಬಾರದು. ತಳ್ಳಬೇಕು ಅಂದರೆ ಹೊರಗಿನ ಮಷೀನಲ್ಲಿ ಒಳಗಿನದರ ಕೀ ಇಡಬೇಕಾಗುತ್ತದೆ. ಹೊರಗೆ ನುಗ್ಗಿದ ಕಳ್ಳನಿಗೆ ಒಳಮನೆಯ ಬೀಗದ ಕೈ ನಾವೇ ಕೊಟ್ಟ ಹಾಗೆ.

ಹಳೇ ಯೂನಿಕ್ಸ್:

ಬೆಳ್ಳಿಚುಕ್ಕಿಯವರು ಹೇಳಿದ್ದಕ್ಕೆ ಒಂದು ಸೇರಿಸಿ. 400 ಎಂಬಿ ಫೈಲ್ ಇನ್ನೂ ಏರುತ್ತಿರುವಾಗಲೇ ನಿಮ್ಮ ಸ್ಕ್ರಿಪ್ಟ್ ಬಂದು ಎತ್ತಿಕೊಂಡು ಹೋದರೆ ಅರ್ಧ ಪಿಡಿಎಫ್ ಮುದ್ರಣದ ಪ್ಲೇಟ್‌ಗೆ ಹೋಗುತ್ತದೆ. ಮದುಮಗನ ಹೆಸರು ಇದೆ, ಮದುಮಗಳದು ಇಲ್ಲ. ವಿನ್‌ಎಸ್‌ಸಿಪಿ ದೊಡ್ಡ ಫೈಲ್‌ಗಳಿಗೆ ಫೈಲ್‌ಪಾರ್ಟ್ ಅಂತ ಬಾಲ ಹಚ್ಚಿ ಕಳಿಸುತ್ತದೆ, ಮುಗಿದ ಮೇಲೆ ಬಾಲ ತೆಗೆಯುತ್ತದೆ. ಬಾಲ ಇರುವುದನ್ನು ಮುಟ್ಟಬೇಡ ಅಂತ ಸ್ಕ್ರಿಪ್ಟ್‌ಗೆ ಹೇಳಿ. ಕೊನೇ ಬಾರಿ ಬದಲಾಗಿ ಹತ್ತು ನಿಮಿಷ ಆಗಿರಬೇಕು ಅಂತಲೂ ಹಾಕಿ.

ಅಂಗಡಿ ಲೆಕ್ಕ:

ನನ್ನದು ದಡ್ಡ ಪ್ರಶ್ನೆ ಇರಬಹುದು. ಗೂಗಲ್ ಡ್ರೈವ್ ಇಟ್ಟುಕೊಂಡರೆ ಇಷ್ಟೆಲ್ಲಾ ತಲೆನೋವು ಯಾಕೆ?

ಬೆಳ್ಳಿಚುಕ್ಕಿ:

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಮೊಬೈಲ್‌ನಿಂದ ಕಳಿಸುವವರಿಗೆ ಅದೇ ಸರಿ. ಸರ್ವರ್ ನೋಡಿಕೊಳ್ಳಲು ಆಗದವರು ಸರ್ವರ್ ಇಡದೇ ಇರುವುದು ಜಾಣತನ. ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ ಬಿಟ್ಟು, ಆ ಲಿಂಕ್ ವಾಟ್ಸಾಪ್ ಗ್ರೂಪ್‌ಗೆ ಹಾಕಬೇಡಿ, ಅಷ್ಟೇ. ಮತ್ತೆ ಅಲ್ಲೂ ಕೆಲಸ ಮುಗಿದ ಫೈಲ್ ಅಳಿಸಬೇಕು.

ಲಾಗ್ ಓದುವವ:

ಕಾನೂನಿನ ಮಾತು ಯಾರೂ ಎತ್ತಲಿಲ್ಲ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಆದೇಶದ ಪ್ರಕಾರ ಇಂಥ ಘಟನೆ ಗೊತ್ತಾದ ಆರು ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ನಾವು ಚಿಕ್ಕವರು ಅಂತ ಕೂರಬೇಡಿ, ಒಂದು ಇಮೇಲ್ ಹಾಕಿ. ಲಾಗ್ ಅಳಿಸಬೇಡಿ ಅಂದಿದ್ದು ಇದಕ್ಕೂ ಸೇರಿಯೇ. ಹೊಸ ಸರ್ವರ್‌ನ ಲಾಗ್ ಅದೇ ಮಷೀನಲ್ಲಿ ಮಾತ್ರ ಇಡಬೇಡಿ. ಒಳಗೆ ಬಂದವನು ಮೊದಲು ಅಳಿಸುವುದು ಅದನ್ನೇ.

ಕಂಪೋಸಿಂಗ್ ಕೋಣೆ:

ಮೂರು ವಾರ ಆಯಿತು, ಬಂದು ಹೇಳಬೇಕು ಅನಿಸಿತು.

ಇಮೇಲ್ ಹಾಕಿದೆ. ಲಿನಕ್ಸ್ ಹಾಕಿದೆ. ಅಕ್ಕ ಹೇಳಿದ ಕಡೆಯೇ ಎಡವಿದೆ, ಕ್ರೂಟ್ ಒಡೆತನದ ತಪ್ಪು. ಲಾಗ್ ನೋಡಿ ಐದು ನಿಮಿಷದಲ್ಲಿ ಸರಿ ಮಾಡಿದೆ.

ಡಾಲಸ್ ದೋಸೆಯವರು ಕೇಳಿದ್ದ ಪ್ರಶ್ನೆ. ಹಳೇ ಡಿಸ್ಕ್ ತೆಗೆದು ತಾರೀಖಿನ ಪ್ರಕಾರ ಹಚ್ಚಿ ನೋಡಿದೆ. ಅತಿ ಹಳೇದು 2016ರ ಆಗಸ್ಟ್‌ನದು, ನಾನೇ ಹಾಕಿದ ಟೆಸ್ಟ್ ಫೈಲ್. ಅದರ ಕೆಳಗೆ ಶಾಲೆಗಳ ಐಡಿ ಕಾರ್ಡ್ ಫೋಲ್ಡರ್‌ಗಳು. ಒಂದೊಂದರಲ್ಲೂ ಒಂದು ಎಕ್ಸೆಲ್ ಪಟ್ಟಿ: ಮಗುವಿನ ಹೆಸರು, ಹುಟ್ಟಿದ ದಿನ, ರಕ್ತದ ಗುಂಪು, ಮನೆ ವಿಳಾಸ, ಅಪ್ಪನ ಮೊಬೈಲ್ ನಂಬರ್. ಪಕ್ಕದಲ್ಲಿ ಮಕ್ಕಳ ಫೋಟೋ. ಹನ್ನೊಂದು ಶಾಲೆ, ಒಂಬತ್ತು ವರ್ಷ. ಎಲ್ಲದಕ್ಕೂ ಅದೇ 123 ಪಾಸ್‌ವರ್ಡ್. ನನ್ನ ಮಗಳ ಶಾಲೆಯದೂ ಇತ್ತು. ಲಗ್ನಪತ್ರಿಕೆ ಕದ್ದು ಯಾರು ಊಟಕ್ಕೆ ಹೋಗುತ್ತಾರೆ ಅಂದಾಗ ನಾನೂ ನಕ್ಕಿದ್ದೆ.

ಓನರ್ ಅಳಿಸಲು ಬಿಡಲಿಲ್ಲ. ಮುಂದಿನ ವರ್ಷ ಅದೇ ಡಿಸೈನ್ ಕೇಳುತ್ತಾರೆ ಅಂದರು. ಪಟ್ಟಿ ತೋರಿಸಿದೆ. ಅವರ ಮೊಮ್ಮಗನ ಹೆಸರು ಅದರಲ್ಲಿ ಸಿಕ್ಕಿತು. ಆಮೇಲೆ ಮಾತಿಲ್ಲ. ಡಿಸೈನ್‌ಗಳನ್ನು ಮಾತ್ರ ನೆಟ್ ಇಲ್ಲದ ಡಿಸ್ಕ್‌ಗೆ ಹಾಕಿ ಕಪಾಟಿನಲ್ಲಿಟ್ಟೆವು. ಪಟ್ಟಿಗಳು ಹೋದವು. ಶಾಲೆಗಳಿಗೂ ಫೋನ್ ಮಾಡಿ ವಿಷಯ ಹೇಳಿದೆವು. ಎರಡು ಕಡೆ ಬೈಸಿಕೊಂಡೆವು, ಬೈಯಲೇಬೇಕಿತ್ತು.

ನೆಟ್ ಪಟೇಲ:

ಸರಿ ಸರಿ, ಸೋತೆ. ನಮ್ಮ ಆಫೀಸಿನ ಸರ್ವರ್‌ನಲ್ಲೂ ತಾರೀಖು ಹಚ್ಚಿ ನೋಡಿದೆ. ವರ್ಷ ಹೇಳುವುದಿಲ್ಲ.

ಕಂಪೋಸಿಂಗ್ ಕೋಣೆ:

ಒಂದು ಹೇಳುವುದು ಮರೆತೆ. ನಿನ್ನೆ ಸ್ಟುಡಿಯೋದವರೊಬ್ಬರು ಫೋನ್ ಮಾಡಿದ್ದರು, ಸಿಟ್ಟಿನಲ್ಲಿ. "ನಿಮ್ಮ ಹೊಸ ಸರ್ವರ್ ಕೆಟ್ಟೈತಿ ಅನಸ್ತದ ರೀ. ಫೈಲ್ ಹಾಕಿದೆ, ಹೋಗಿ ನೋಡಿದ್ರ ಏನೂ ಕಾಣವಲ್ದು."

ಬೆಳ್ಳಿಚುಕ್ಕಿ:

ಏನು ಹೇಳಿದಿರಿ?

ಕಂಪೋಸಿಂಗ್ ಕೋಣೆ:

ಪ್ಲೇಟ್ ಆಗಲೇ ಹೊಡೆದಾಯ್ತು, ಬಂದು ಪ್ರೂಫ್ ನೋಡ್ರಿ ಅಂದೆ.